ಯೂನಿವರ್ಸಲ್ ಬೆಂಕಿಯಲ್ಲಿ ಸುಟ್ಟ ಮಾಸ್ಟರ್ ಟೇಪುಗಳು: ಹಾಡು ಉಳಿದಿದೆ, ಮತ್ತೆ ಹೋಗಿದ್ದೇನು?

ಧ್ವನಿಸುರುಳಿ

ಈ ವಿಷಯದ ಬಗ್ಗೆ ಕನ್ನಡದಲ್ಲಿ ಮಾತಾಡಿದ್ದು ಕಡಿಮೆ. ಅದಕ್ಕೇ ಇಲ್ಲಿ ಶುರು ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

2008ರ ಜೂನ್ 1, ಭಾನುವಾರ ಬೆಳಗಿನ ಜಾವ. ಲಾಸ್ ಏಂಜಲೀಸ್‌ನ ಯೂನಿವರ್ಸಲ್ ಸ್ಟುಡಿಯೋಸ್ ಹಾಲಿವುಡ್ ಆವರಣದಲ್ಲಿ ನ್ಯೂಯಾರ್ಕ್ ಬೀದಿಯ ಸೆಟ್ ಇತ್ತು. ರಾತ್ರಿ ಪಾಳಿಯ ಕೆಲಸಗಾರರು ಅದರ ಚಾವಣಿ ರಿಪೇರಿ ಮಾಡುತ್ತಿದ್ದರು. ಡಾಂಬರಿನ ಹಾಳೆಗಳನ್ನು ಗ್ಯಾಸ್ ಟಾರ್ಚಿನಿಂದ ಕಾಯಿಸಿ ಅಂಟಿಸುವ ಕೆಲಸ. ಕೆಲಸ ಮುಗಿದ ಮೇಲೆ ನಿಯಮದಂತೆ ಒಂದು ಗಂಟೆ ಕಾದು ಹೊರಟರು. ಅವರು ಹೋದ ಮೇಲೆ ಬೆಂಕಿ ಎದ್ದಿತು.

ಟಿವಿಯಲ್ಲಿ ತೋರಿಸಿದ್ದು ಸೆಟ್‌ಗಳು ಉರಿದದ್ದು, ಪ್ರವಾಸಿಗರು ನೋಡುವ ಕಿಂಗ್ ಕಾಂಗ್ ಸುಟ್ಟುಹೋದದ್ದು. ಅಲ್ಲೇ 6197 ನಂಬರಿನ ಒಂದು ತಗಡಿನ ಗೋದಾಮು ಇತ್ತು. ಎಲ್ಲರೂ ಅದನ್ನು ವಿಡಿಯೋ ವಾಲ್ಟ್ ಎನ್ನುತ್ತಿದ್ದರು. ಅದರ ಒಂದು ಭಾಗವನ್ನು ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್ ಬಾಡಿಗೆಗೆ ತೆಗೆದುಕೊಂಡು ಮಾಸ್ಟರ್ ಟೇಪುಗಳನ್ನು, ಅಂದರೆ ಧ್ವನಿಮುದ್ರಣದ ಮೂಲ ಟೇಪುಗಳನ್ನು ಇಟ್ಟಿತ್ತು. ಡೆಕ್ಕಾ, ಚೆಸ್, ಎಂಸಿಎ, ಎಬಿಸಿ, ಇಂಪಲ್ಸ್, ಎ ಅಂಡ್ ಎಂ, ಗೆಫೆನ್, ಹೀಗೆ ಒಂದೊಂದಾಗಿ ಕೊಳ್ಳುತ್ತಾ ಬಂದ ಕಂಪನಿಗಳ ಸರಕು. ಅದೆಲ್ಲ ಉರಿದುಹೋಯಿತು.

ಆಗ ಹೊರಗೆ ಹೇಳಿದ್ದು, ಮುಖ್ಯವಾದ್ದೇನೂ ಹೋಗಿಲ್ಲ ಎಂದು. ಜನ ನಂಬಿದರು. 11 ವರ್ಷ ಆದ ಮೇಲೆ, 2019ರ ಜೂನ್‌ನಲ್ಲಿ, ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ಜೋಡಿ ರೋಸೆನ್ ಅವರ ದೊಡ್ಡ ವರದಿ ಬಂತು. ಕಂಪನಿಯ ಒಳಗಿನ ಕಾಗದಪತ್ರದಲ್ಲೇ ನಾಶವಾದ ಮಾಲಿನ ಸಂಖ್ಯೆ 1,18,230 ಎಂದು ಬರೆದಿತ್ತು. ವಾಲ್ಟ್ ನೋಡಿಕೊಳ್ಳುತ್ತಿದ್ದ ರ‍್ಯಾಂಡಿ ಆರನ್ಸನ್ ಅಂದಾಜಿನಲ್ಲಿ ಅದು 1,75,000ದ ಹತ್ತಿರ. ಹಾಡುಗಳ ಲೆಕ್ಕದಲ್ಲಿ 5 ಲಕ್ಷ.

ನನ್ನ ಮನಸ್ಸಿನಲ್ಲಿ ಕೂತಿರುವ ಮಾತು ಒಂದೇ. ಬೆಂಕಿ ಎಲ್ಲಿ ಬೇಕಾದರೂ ಬೀಳಬಹುದು. ಆದರೆ ಏನು ಇತ್ತು ಎನ್ನುವ ಸರಿಯಾದ ಪಟ್ಟಿಯೇ ಇಲ್ಲದಿದ್ದರೆ, ಏನು ಹೋಯಿತು ಎಂದು ಅಳುವುದಕ್ಕೂ ಆಗುವುದಿಲ್ಲ. ಇಲ್ಲಿ ಆಗಿದ್ದು ಅದು. ನಿಮಗೇನನ್ನಿಸುತ್ತದೆ?

ಹೊಸ ಕೇಳುಗ

ಸರ್, ಬೇಜಾರಾಗುವ ವಿಷಯವೇ. ಆದರೆ ನನಗೊಂದು ಅರ್ಥವಾಗುತ್ತಿಲ್ಲ. ಚೆಸ್ ಕಂಪನಿಗೆ ಹಾಡಿದ ಚಕ್ ಬೆರ್ರಿ ಅವರ ಹಾಡು ಈಗಲೂ ನನ್ನ ಫೋನಿನಲ್ಲಿ ಬರುತ್ತದೆ. ಮಡ್ಡಿ ವಾಟರ್ಸ್ ಕೂಡ. ಸುಟ್ಟ ಮೇಲೂ ಹಾಡು ಸಿಗುತ್ತಿದೆ ಅಂದಮೇಲೆ ನಷ್ಟ ಯಾವುದು? ಸುಮ್ನೆ ವಾದಕ್ಕೆ ಕೇಳುತ್ತಿಲ್ಲ, ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ರೆಕಾರ್ಡಿಂಗ್ ರೂಮು

ಒಳ್ಳೆಯ ಪ್ರಶ್ನೆ ತಮ್ಮಾ. ನಾನು ಸ್ಟುಡಿಯೋದಲ್ಲಿ ಕೆಲಸ ಮಾಡಿದವನು, ಸ್ಪೂಲ್ ಟೇಪಿನ ಕಾಲದಿಂದ. ವಿವರವಾಗಿಯೇ ಹೇಳುತ್ತೇನೆ.

ಮಾಸ್ಟರ್ ಎಂದರೆ ಒಂದೇ ಟೇಪ್ ಅಲ್ಲ. ಮೊದಲನೆಯದು ಮಲ್ಟಿಟ್ರ್ಯಾಕ್. 2 ಇಂಚು ಅಗಲದ ಟೇಪಿನಲ್ಲಿ 24 ಟ್ರ್ಯಾಕ್. ಗಾಯಕರ ದನಿ ಒಂದರಲ್ಲಿ, ಬಾಸ್ ಇನ್ನೊಂದರಲ್ಲಿ, ಡ್ರಮ್ಸ್ ಬೇರೆ ಬೇರೆ ಟ್ರ್ಯಾಕುಗಳಲ್ಲಿ. ಇದನ್ನು ಮಿಕ್ಸ್ ಮಾಡಿ ಎಡ ಮತ್ತು ಬಲ, ಎರಡೇ ಟ್ರ್ಯಾಕಿಗೆ ಇಳಿಸುತ್ತಾರೆ. ಅದು ಮಿಕ್ಸ್ ಮಾಸ್ಟರ್. ಅದರಿಂದ ಪ್ರತಿ, ಆ ಪ್ರತಿಯಿಂದ ಎಲ್‌ಪಿ, ಕ್ಯಾಸೆಟ್, ಸಿಡಿ. ನೀವು ಫೋನಿನಲ್ಲಿ ಕೇಳುವುದು ಈ ಸಾಲಿನ ಕೊನೆಯ ಮನೆ.

ಟೇಪಿನಿಂದ ಟೇಪಿಗೆ ಇಳಿಸಿದಾಗಲೆಲ್ಲ ಹಿಸ್, ಅಂದರೆ ಹಿನ್ನೆಲೆಯ ಸುಂಯ್ ಸದ್ದು, ಜಾಸ್ತಿಯಾಗುತ್ತದೆ, ಮೇಲಿನ ಸ್ವರಗಳ ಹೊಳಪು ಹೋಗುತ್ತದೆ. ಸಿಡಿ ಬಂದ ಹೊಸದರಲ್ಲಿ, 80ರ ದಶಕದಲ್ಲಿ, ಎಷ್ಟೋ ಆಲ್ಬಂಗಳನ್ನು ಕೈಗೆ ಸಿಕ್ಕ ಮೂರನೇ ಪ್ರತಿಯಿಂದಲೇ ಡಿಜಿಟಲ್ ಮಾಡಿದರು. ಅದೂ 16 ಬಿಟ್‌ನಲ್ಲಿ, ಅಂದರೆ ಈಗಿನದಕ್ಕಿಂತ ಕಡಿಮೆ ಸೂಕ್ಷ್ಮತೆಯಲ್ಲಿ. ಆಗಿನ ಯಂತ್ರಗಳೂ ಈಗಿನಷ್ಟು ಚೆನ್ನಾಗಿರಲಿಲ್ಲ. ಮೂಲ ಟೇಪ್ ಇದ್ದರೆ ಇವತ್ತಿನ ಯಂತ್ರದಲ್ಲಿ ಮತ್ತೆ ಇಳಿಸಬಹುದು, 20 ವರ್ಷ ಆದ ಮೇಲೆ ಇನ್ನೂ ಒಳ್ಳೆಯ ಯಂತ್ರದಲ್ಲಿ ಇಳಿಸಬಹುದು. ಮೂಲ ಹೋಯಿತೋ, ಆ ಮೂರನೇ ಪ್ರತಿಯೇ ಇನ್ನು ಮುಂದೆ ಮೂಲ.

ಮಲ್ಟಿಟ್ರ್ಯಾಕ್ ಹೋದರಂತೂ ಇನ್ನೂ ಕಷ್ಟ. ಕುದಿದ ಹುಳಿಯಿಂದ ಬೇಳೆ, ಹುಣಸೆ, ತರಕಾರಿ ಮತ್ತೆ ಬೇರೆ ಮಾಡಲು ಆಗುತ್ತದಾ? ಹಾಗೇ ಇದು. ಬೀಟಲ್ಸ್ ಉದಾಹರಣೆ ತೆಗೆದುಕೊಳ್ಳಿ. 1967ರಲ್ಲಿ ಅವರ ಹತ್ತಿರ ಇದ್ದದ್ದು 4 ಟ್ರ್ಯಾಕಿನ ಮೆಷಿನ್. ನಾಲ್ಕೂ ತುಂಬಿದ ಮೇಲೆ ಅವನ್ನು ಕೂಡಿಸಿ ಇನ್ನೊಂದು ಟೇಪಿನ ಒಂದೆರಡು ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಮತ್ತೆ ಹಾಡುತ್ತಿದ್ದರು, ನುಡಿಸುತ್ತಿದ್ದರು. ಮೊದಲನೇ ಟೇಪುಗಳನ್ನು ಅಬ್ಬೆ ರೋಡ್ ಸ್ಟುಡಿಯೋದವರು ಎಸೆಯಲಿಲ್ಲ. ಅದರಿಂದ 2017ರಲ್ಲಿ ಸಂಗೀತ ನಿರ್ಮಾಪಕ ಜೈಲ್ಸ್ ಮಾರ್ಟಿನ್ ಆ ಮೊದಲ ಟೇಪುಗಳಿಗೇ ಹೋಗಿ, ಕೂಡಿಸುವ ಮುಂಚಿನ ಶಬ್ದ ಇಟ್ಟುಕೊಂಡು ಹೊಸದಾಗಿ ಮಿಕ್ಸ್ ಮಾಡಿದರು. 50 ವರ್ಷ ಯಾರೂ ಕೇಳದಷ್ಟು ಹತ್ತಿರದಿಂದ ಆ ಡ್ರಮ್ಸ್ ಕೇಳಿಸಿತು.

ಇನ್ನೊಂದು ಮರೆತೆವು ಅಂದರೆ ಆಗಲ್ಲ. ಟೇಪಿನಲ್ಲಿ ಬಿಡುಗಡೆಯಾದ ಹಾಡು ಮಾತ್ರ ಇರುವುದಿಲ್ಲ. ಬೇಡ ಎಂದು ಬಿಟ್ಟ ಟೇಕುಗಳು, ನಡುವೆ ಆಡಿದ ಮಾತು, ಹೊರಗೆ ಬಾರದೇ ಉಳಿದ ಹಾಡುಗಳು. ಅದಕ್ಕೆಲ್ಲ ಎಲ್‌ಪಿಯೂ ಇಲ್ಲ, ಫೋನೂ ಇಲ್ಲ. ಆ ಒಂದು ಡಬ್ಬಿಯೇ ಅದರ ಮನೆ.

ಹೊಸ ಕೇಳುಗ

ಈಗ ಅರ್ಥವಾಯಿತು ಸರ್. ಥ್ಯಾಂಕ್ಸ್. ಆದರೆ ಈಗ ಎಐ ಬಂದಿದೆಯಲ್ಲ, ಮಿಕ್ಸ್‌ನಿಂದ ದನಿ, ವಾದ್ಯ ಬೇರೆ ಮಾಡುತ್ತದೆ. ಅದು ಸಾಕಾಗಲ್ವಾ?

ರೆಕಾರ್ಡಿಂಗ್ ರೂಮು

ನಾನೂ ಬಳಸುತ್ತೇನೆ, ಬಹಳ ಕೆಲಸಕ್ಕೆ ಬರುತ್ತದೆ. ಆದರೆ ಅದು ಊಹೆ ಮಾಡಿ ಕೊಡುವುದು. ಒಂದೇ ಕ್ಷಣದಲ್ಲಿ ಕೂಡಿಕೊಂಡ ತಾಳ ಮತ್ತು 'ಸ' ಅಕ್ಷರದ ಸದ್ದು ಯಾವುದು ಯಾರದ್ದು ಎಂದು ಅದಕ್ಕೆ ಗೊತ್ತಿರುವುದಿಲ್ಲ. ಅಂದಾಜಿನಲ್ಲಿ ಹಂಚುತ್ತದೆ. ಮೇಲಾಗಿ, ಬಿಡುಗಡೆಯೇ ಆಗದ ಹಾಡನ್ನು ಅದು ಎಲ್ಲಿಂದ ತರುತ್ತದೆ?

ಸ್ಯಾನ್ ಹೋಸೆ ಕನ್ನಡಿಗ

ನಾನು ಈ ಕೇಸನ್ನು ಇಲ್ಲಿಂದಲೇ ಗಮನಿಸಿದವನು. ಧ್ವನಿಸುರುಳಿ ಅವರ ಸಂಖ್ಯೆಗಳ ಬಗ್ಗೆ ಒಂದು ಮಾತು ಸೇರಿಸಬೇಕು. ಇಲ್ಲದಿದ್ದರೆ ಅರ್ಧ ಕತೆ ಆಗುತ್ತದೆ.

ವರದಿ ಬಂದ ಕೂಡಲೇ ಕಂಪನಿ ಅದರಲ್ಲಿ ತಪ್ಪುಗಳಿವೆ, ನಷ್ಟವನ್ನು ದೊಡ್ಡದು ಮಾಡಿದ್ದಾರೆ ಎಂದಿತು. ಅದೇ ತಿಂಗಳು ಸೌಂಡ್‌ಗಾರ್ಡನ್, ಹೋಲ್ ಎಂಬ ರಾಕ್ ತಂಡಗಳು, ಗಾಯಕ ಸ್ಟೀವ್ ಅರ್ಲ್, ಟೂಪಾಕ್ ಶಕೂರ್ ಅವರ ವಾರಸುದಾರರು, ಟಾಮ್ ಪೆಟ್ಟಿ ಅವರ ಮಾಜಿ ಪತ್ನಿ ಸೇರಿ ಕೋರ್ಟಿಗೆ ಹೋದರು. ಅವರ ವಾದ ಸರಳ. ಬೆಂಕಿಯ ನಷ್ಟಕ್ಕೆ ನೀವು ಸ್ಟುಡಿಯೋ ಮಾಲೀಕರಾದ ಎನ್‌ಬಿಸಿ ಯೂನಿವರ್ಸಲ್ ಮೇಲೆ ದಾವೆ ಹಾಕಿದಿರಿ, ರಾಜಿಯಾಗಿ ಹಣ ತೆಗೆದುಕೊಂಡಿರಿ, ವಿಮೆಯೂ ಬಂತು. ಅದರಲ್ಲಿ ಕಲಾವಿದರ ಪಾಲು ಎಲ್ಲಿ? ಅದಿರಲಿ, ಟೇಪ್ ಸುಟ್ಟಿದೆ ಎಂದು ಒಂದು ಮಾತಾದರೂ ನಮಗೆ ಏಕೆ ಹೇಳಲಿಲ್ಲ?

2020ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಆ ದಾವೆಯನ್ನು ವಜಾ ಮಾಡಿದರು. ಅದಕ್ಕೂ ಮುಂಚೆ, ಫೆಬ್ರುವರಿಯಲ್ಲಿ, ಕಂಪನಿ ಕೋರ್ಟಿಗೆ ಕೊಟ್ಟ ಕಾಗದದಲ್ಲಿ 19 ಕಲಾವಿದರ ಟೇಪುಗಳಿಗೆ ಹಾನಿಯಾಗಿದೆ ಅಥವಾ ಅವು ನಾಶವಾಗಿವೆ ಎಂದು ಒಪ್ಪಿಕೊಂಡಿತು. ನಿರ್ವಾಣ, ಎಲ್ಟನ್ ಜಾನ್, ಆರ್‌ಇಎಂ, ಬೆಕ್, ಶೆರಿಲ್ ಕ್ರೋ, ಬ್ರಯಾನ್ ಆಡಮ್ಸ್, ಸೌಂಡ್‌ಗಾರ್ಡನ್ ಹೆಸರು ಅದರಲ್ಲಿವೆ. ಎಷ್ಟೋ ಟೇಪುಗಳಿಗೆ ಬೇರೆ ಕಡೆ ಪ್ರತಿ ಸಿಕ್ಕಿದೆ ಎಂದೂ ಹೇಳಿತು.

ಅಂದರೆ ಒಂದು ಕಡೆ ಲಕ್ಷ, ಇನ್ನೊಂದು ಕಡೆ 19 ಹೆಸರು. ಇಷ್ಟು ದೊಡ್ಡ ಅಂತರ ನೋಡಿ.

ಲೈಬ್ರರಿ ಅಕ್ಕ

ಆ ಅಂತರವೇ ನನಗೆ ಎಲ್ಲಕ್ಕಿಂತ ಮುಖ್ಯವಾದ ಸಾಕ್ಷಿ. ಯಾರು ಸರಿ, ಯಾರು ತಪ್ಪು ಎನ್ನುವುದು ಆಮೇಲೆ. ಒಂದು ಸಂಗ್ರಹ ಸುಟ್ಟ ಮೇಲೆ ಅದರ ಯಜಮಾನರು 12 ವರ್ಷ ಲೆಕ್ಕ ಹಾಕುತ್ತಾ ಕೂತಿದ್ದಾರೆ ಅಂದರೆ, ಸುಡುವ ಮುಂಚೆ ಅಲ್ಲಿ ನೆಟ್ಟಗೆ ಕ್ಯಾಟಲಾಗ್ ಇರಲಿಲ್ಲ ಎಂದೇ ಅರ್ಥ.

ಗ್ರಂಥಾಲಯದಲ್ಲಿ ಕೆಲಸ ಮಾಡುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಪುಸ್ತಕವನ್ನು ತಪ್ಪು ಕಪಾಟಿನಲ್ಲಿ ಇಟ್ಟರೆ ಅದು ಕಳೆದುಹೋದ ಹಾಗೆಯೇ. ಟೇಪಿನ ಡಬ್ಬಿಯಲ್ಲಿ ಇನ್ನೂ ಕಷ್ಟ. ಮೇಲೆ ಕಲಾವಿದರ ಹೆಸರು, ಒಂದು ನಂಬರು ಇದ್ದರೆ ಹೆಚ್ಚು. ಒಳಗೆ ಏನಿದೆ ಎಂದು ತಿಳಿಯಲು ಮೆಷಿನ್ನಿಗೆ ಹಾಕಿ ಕೇಳಬೇಕು. ಒಂದು ಕಂಪನಿಯನ್ನು ಇನ್ನೊಂದು ಕೊಳ್ಳುತ್ತದೆ, ಅದನ್ನು ಮತ್ತೊಂದು ಕೊಳ್ಳುತ್ತದೆ. ಪ್ರತಿ ಸಲ ಡಬ್ಬಿಗಳು ಲಾರಿಯಲ್ಲಿ ಬರುತ್ತವೆ. ಅದರ ಜೊತೆ ಬರಬೇಕಾದ ರಿಜಿಸ್ಟರ್ ಬರುವುದಿಲ್ಲ. ಎಲ್ಲವನ್ನೂ ಗೊತ್ತಿದ್ದ ಹಳೆಯ ನೌಕರರು ಅಷ್ಟರಲ್ಲಿ ಕೆಲಸ ಬಿಟ್ಟಿರುತ್ತಾರೆ.

ಬ್ರಯಾನ್ ಆಡಮ್ಸ್ ಅವರದೇ ನೋಡಿ. ತಮ್ಮ 1984ರ ಆಲ್ಬಂ 30 ವರ್ಷ ತುಂಬುವಾಗ ಮರುಬಿಡುಗಡೆ ಮಾಡಲು 2013ರಲ್ಲಿ ಮೂಲ ಟೇಪ್ ಕೇಳಿದರು. ಎಲ್ಲೂ ಸಿಗಲಿಲ್ಲ. ಬೆಂಕಿಯ ಮಾತನ್ನು ಅವರಿಗೆ ಯಾರೂ ಹೇಳಲಿಲ್ಲ. ಹುಡುಕಿಕೊಂಡು ಹೋದ ಕಲಾವಿದರಿಗೇ ಈ ಗತಿ. ತೀರಿಕೊಂಡವರ ಪರವಾಗಿ, ಹೆಸರೇ ಮಾಡದ ಗಾಯಕರ ಪರವಾಗಿ ಯಾರು ಹುಡುಕುತ್ತಾರೆ ಹೇಳಿ?

ದೊಡ್ಡವರ ಟೇಪಿಗೆ ಹತ್ತು ಪ್ರತಿ ಇರುತ್ತದೆ. ಒಂದೇ ಒಂದು 45 ಆರ್‌ಪಿಎಂ ರೆಕಾರ್ಡ್ ಬಿಟ್ಟು ಊರಿಗೆ ವಾಪಸ್ ಹೋದ ಬ್ಲೂಸ್ ಗಾಯಕರ, ಸುವಾರ್ತೆ ಹಾಡುಗಳ ಗುಂಪುಗಳ ಟೇಪಿಗೆ ಎರಡನೇ ಪ್ರತಿ ಇರುವುದಿಲ್ಲ. ಪತ್ರಿಕೆಯಲ್ಲಿ ನಿರ್ವಾಣ ಹೆಸರು ಬರುತ್ತದೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಈ ಹೆಸರಿಲ್ಲದವರನ್ನು ನೆನೆದಾಗ.

ಧ್ವನಿಸುರುಳಿ

ಅಕ್ಕಾ, ನಾನು ಹೇಳಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಹೇಳಿದಿರಿ.

ಇದು ಮೊದಲನೇ ಸಲವೂ ಅಲ್ಲ. 1978ರ ಫೆಬ್ರುವರಿಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಗೋದಾಮು ಸುಟ್ಟಿತು. 1949ರಿಂದ 1969ರವರೆಗಿನ ಮಲ್ಟಿಟ್ರ್ಯಾಕುಗಳು, ಬೇರೆ ಟೇಕುಗಳು, ಬಿಡುಗಡೆಯಾಗದ ಹಾಡುಗಳು ಹೆಚ್ಚುಕಡಿಮೆ ಎಲ್ಲವೂ ಹೋದವು. ಅಮೆರಿಕದ ಸೋಲ್ ಮತ್ತು ಜಾಝ್ ಸಂಗೀತದ ಅತಿ ಒಳ್ಳೆಯ 20 ವರ್ಷ ಅದು. ಬಿಡುಗಡೆಯಾದ ಹಾಡುಗಳ ಮಾಸ್ಟರ್ ಬಹುಪಾಲು ನ್ಯೂಯಾರ್ಕ್‌ನಲ್ಲಿ ಇದ್ದದ್ದರಿಂದ ಅಷ್ಟಾದರೂ ಉಳಿಯಿತು. ಎಲ್ಲವನ್ನೂ ಒಂದೇ ಸೂರಿನಡಿ ಇಡಬಾರದು ಎನ್ನುವ ಪಾಠ ಅಂದೇ ಸಿಕ್ಕಿತ್ತು. 30 ವರ್ಷ ಆದ ಮೇಲೂ ಕಲಿಯಲಿಲ್ಲ.

ಬೆಂಕಿಯೇ ಬೇಕೆಂದೂ ಇಲ್ಲ. 1960ರ ದಶಕದ ಆರಂಭದಲ್ಲಿ ಆರ್‌ಸಿಎ ವಿಕ್ಟರ್ ರೆಕಾರ್ಡ್ ಕಂಪನಿಯವರು ಕ್ಯಾಮ್ಡೆನ್‌ನ ತಮ್ಮ ಹಳೆಯ ಗೋದಾಮನ್ನು ಸಿಡಿಮದ್ದು ಇಟ್ಟು ಕೆಡವಿದರು. ಒಳಗಿದ್ದ ಸಾವಿರಾರು ಲೋಹದ ಮಾಸ್ಟರ್‌ಗಳು (ರೆಕಾರ್ಡ್ ಒತ್ತುವ ಅಚ್ಚುಗಳು) ಅದರ ಜೊತೆಗೇ ಮಣ್ಣಾದವು. ಇದು ಕೈಯಾರೆ ಮಾಡಿದ್ದು.

ಕುಂದಾಪ್ರದ ಕೇಳುಗ

ಅಮೆರಿಕದ್ದು ಕೇಳಿ ಬೇಜಾರಾಯಿತು. ನಮ್ಮ ಕಡೆಯದ್ದೂ ಒಂದು ಹೇಳಲೇಬೇಕು.

ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಬಡಗುತಿಟ್ಟು ಯಕ್ಷಗಾನ ಕೇಳುವವರಿಗೆ ಆ ಭಾಗವತರ ಹೆಸರು ಬಿಡಿಸಿ ಹೇಳಬೇಕಿಲ್ಲ. ಅವರು ಹೋದ ಮೇಲೆ ಹುಟ್ಟಿದ ಹುಡುಗರೂ ಇವತ್ತು ಅವರ ಪದ ಕೇಳುತ್ತಾರೆ. ಎಲ್ಲಿಂದ ಬಂತು ಅದು? ಬಹಳಷ್ಟು ಬಂದದ್ದು ಆಟ ನೋಡಲು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದ ಅಭಿಮಾನಿಗಳಿಂದ. ರಂಗಸ್ಥಳದ ಹತ್ತಿರ ಕೂತು, ಕ್ಯಾಸೆಟ್ ತಿರುವಿ ಹಾಕುತ್ತಾ ಬೆಳಗಾಗುವವರೆಗೆ ರೆಕಾರ್ಡ್ ಮಾಡಿದರು. ಚಂಡೆ ಜೋರಾದರೆ ದನಿ ಒಡೆಯುತ್ತದೆ, ಪಕ್ಕದವರು ಮಾತಾಡಿದ್ದೂ ಕೇಳುತ್ತದೆ. ಆದರೂ ಅದೇ ನಮ್ಮ ಮಾಸ್ಟರ್. ಆ ಕ್ಯಾಸೆಟ್‌ಗಳು ಕರಾವಳಿಯ ಮಳೆಗಾಲದಲ್ಲಿ ಮನೆಮನೆಯ ಅಟ್ಟದಲ್ಲಿ ಬೂಸ್ಲು ಹಿಡಿಯುತ್ತಿವೆ. ನಮ್ಮ ಬೆಂಕಿ ಅದು.

ರೆಕಾರ್ಡಿಂಗ್ ರೂಮು

ಬಹಳ ಸರಿಯಾದ ಮಾತು. ಸಿನಿಮಾ ಹಾಡಿನ ಕಡೆಯೂ ಹಾಗೇ. ಕನ್ನಡ ಚಿತ್ರಗೀತೆಗಳ ರೆಕಾರ್ಡಿಂಗ್ ದಶಕಗಳ ಕಾಲ ಮದರಾಸಿನ ಸ್ಟುಡಿಯೋಗಳಲ್ಲೇ ನಡೆಯಿತು. ಆಗ ದನಿ ಮುದ್ರಿಸುವ ಮ್ಯಾಗ್ನೆಟಿಕ್ ಫಿಲ್ಮ್ ದುಬಾರಿ. ಹಾಡು ಆಪ್ಟಿಕಲ್ ನೆಗೆಟಿವ್‌ಗೆ (ದನಿಯನ್ನು ಬೆಳಕಿನ ಗುರುತಾಗಿ ಇಳಿಸುವ ಫಿಲ್ಮಿಗೆ) ಹೋದ ಮೇಲೆ ಆ ಮ್ಯಾಗ್ನೆಟಿಕ್ ಫಿಲ್ಮನ್ನೇ ಅಳಿಸಿ ಇನ್ನೊಂದು ಹಾಡಿಗೆ ಬಳಸುವುದು ರೂಢಿಯಾಗಿತ್ತು. ಯಾರನ್ನೂ ಬೈಯುವ ಹಾಗಿಲ್ಲ, ನಿರ್ಮಾಪಕರ ಹತ್ತಿರ ದುಡ್ಡು ಇರುತ್ತಿರಲಿಲ್ಲ. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಇವತ್ತು ನಮ್ಮ ಹತ್ತಿರ ಇಲ್ಲ. ಚಿತ್ರದ ಜೊತೆ ಅದರ ಧ್ವನಿಯೂ ಹೋಯಿತು.

1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗೆ ಅದು ಮೊದಲ ಕ್ಯಾಸೆಟ್. ನಾವೆಲ್ಲ ಆ ಹಾಡು ಹಾಡಿಕೊಂಡೇ ಬೆಳೆದವರು. ಅದರ ಮೂಲ ಟೇಪ್ ಹೇಗಿದೆ ಎಂದು ನಾವು ಒಂದು ಸಲವಾದರೂ ವಿಚಾರಿಸಿದ್ದೇವಾ?

ಮೈಸೂರು ಪೇಟೆ

ಇಲ್ಲಿ ಗೌಹರ್ ಜಾನ್ ಅವರನ್ನು ನೆನೆಯಬೇಕು. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದವರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಆಗ ಹಾಡು ಮೇಣದ ಮೇಲೆ ಕೊರೆದು ಜರ್ಮನಿಯ ಹ್ಯಾನೋವರ್‌ಗೆ ಹಡಗಿನಲ್ಲಿ ಹೋಗಬೇಕಿತ್ತು. ಅಲ್ಲಿ ಲೋಹದ ಅಚ್ಚು ತೆಗೆದು, ಒತ್ತಿದ ರೆಕಾರ್ಡುಗಳು ಮತ್ತೆ ಇಲ್ಲಿಗೆ ಬರುತ್ತಿದ್ದವು. ಇವತ್ತು ನಾವು ಅವರ ದನಿ ಕೇಳುತ್ತಿದ್ದರೆ ಅದು ಬಹುಪಾಲು ಆ 78 ಆರ್‌ಪಿಎಂ ತಟ್ಟೆಗಳನ್ನು ಜೋಪಾನ ಮಾಡಿದ ಸಂಗ್ರಾಹಕರಿಂದ. ಕಂಪನಿ ಒಂದೇ ಉಳಿಸುತ್ತದೆ ಎಂದು ಕಾದಿದ್ದರೆ ಆಗುತ್ತಿರಲಿಲ್ಲ.

ಸ್ಯಾನ್ ಹೋಸೆ ಕನ್ನಡಿಗ

ಇದಕ್ಕೆ ಸರಿಯಾಗಿ ಹೊಂದುವ ಒಂದು ಘಟನೆ. ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1963ರ ಮಾರ್ಚ್ 6ರಂದು ನ್ಯೂಜೆರ್ಸಿಯಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಇಂಪಲ್ಸ್ ಕಂಪನಿಗಾಗಿ ನುಡಿಸಿದರು. ಆ ಮಾಸ್ಟರ್ ಟೇಪ್ ಕಂಪನಿಯ ಹತ್ತಿರ ಉಳಿಯಲಿಲ್ಲ. ಅವತ್ತು ಮನೆಗೆ ಒಯ್ದು ಕೇಳಲಿ ಎಂದು ಕೋಲ್ಟ್ರೇನ್ ಕೈಗೆ ಒಂದು ಪ್ರತಿ ಕೊಟ್ಟಿದ್ದರು. ಅದು ಅವರ ಮೊದಲ ಪತ್ನಿ ನಯೀಮಾ ಅವರ ಕುಟುಂಬದವರಲ್ಲಿ ಉಳಿದಿತ್ತು. 2018ರಲ್ಲಿ ಆ ಟೇಪಿನಿಂದಲೇ ಆಲ್ಬಂ ಬಿಡುಗಡೆಯಾಯಿತು. 55 ವರ್ಷ ಆದ ಮೇಲೆ.

ರವಿ ಶಂಕರ್ ಮೇಲಿನ ಅಭಿಮಾನಕ್ಕೆ ಕೋಲ್ಟ್ರೇನ್ ತಮ್ಮ ಮಗನಿಗೆ ರವಿ ಎಂದು ಹೆಸರಿಟ್ಟಿದ್ದರು. ಆ ಆಲ್ಬಂ ಸಿದ್ಧಮಾಡುವಾಗ ಅದೇ ರವಿ ಕೋಲ್ಟ್ರೇನ್ ಜೊತೆಗಿದ್ದರು.

ಹೊಸ ಕೇಳುಗ

ಇದನ್ನು ಓದಿ ಮೈ ಝುಂ ಅಂದಿತು. ನಮ್ಮ ಅಜ್ಜಿ ಮನೆಯಲ್ಲಿ ಸಂಪ್ರದಾಯದ ಹಾಡುಗಳನ್ನು ಹಾಡಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳಿವೆ. ಒಂದು ಪೆಟ್ಟಿಗೆ ತುಂಬ. ಅವನ್ನು ಏನು ಮಾಡಬೇಕು? ಅಂಗಡಿಯಲ್ಲಿ ಕೊಟ್ಟರೆ ಎಂಪಿ3 ಮಾಡಿಕೊಡುತ್ತಾರಂತೆ.

ರೆಕಾರ್ಡಿಂಗ್ ರೂಮು

ಅಂಗಡಿಗೆ ಕೊಡುವ ಮುಂಚೆ ಸ್ವಲ್ಪ ತಡಿ ತಮ್ಮಾ. ಮೊದಲು ಕ್ಯಾಸೆಟ್‌ನ ಮೇಲ್ತುದಿಯ ಎರಡು ಪ್ಲಾಸ್ಟಿಕ್ ಹಲ್ಲು ಮುರಿದುಬಿಡು. ಆಮೇಲೆ ಯಾರು ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ. ಬೂಸ್ಲು ಕಂಡರೆ ಪ್ಲೇ ಮಾಡಲೇ ಬೇಡ. ಟೇಪೂ ಹಾಳು, ಪ್ಲೇಯರ್‌ನಲ್ಲಿ ಟೇಪ್ ಓದುವ ಹೆಡ್ಡೂ ಹಾಳು, ಆ ಹೆಡ್ಡಿನಿಂದ ಮುಂದಿನ ಕ್ಯಾಸೆಟ್ಟೂ ಹಾಳು. ಗಿರಕಿ ಬಿಗಿಯಾಗಿದ್ದರೆ ಟೇಪನ್ನು ಬೇರೆ ಕ್ಯಾಸೆಟ್‌ನ ಖಾಲಿ ಚಿಪ್ಪಿಗೆ ಹಾಕಬಹುದು, ಗೊತ್ತಿದ್ದವರು ಮಾಡಿಕೊಡುತ್ತಾರೆ.

ಡಿಜಿಟಲ್ ಮಾಡುವಾಗ ವೇವ್ ಫೈಲ್‌ನಲ್ಲೇ (ದನಿಯನ್ನು ಕುಗ್ಗಿಸದೆ ಇಡುವ ಫೈಲ್) ಇಳಿಸು, 24 ಬಿಟ್, 96 ಕಿಲೋಹರ್ಟ್ಸ್. ಕೇಳೋಕೆ ಬೇಕಾದರೆ ಆಮೇಲೆ ಎಂಪಿ3 ಮಾಡಿಕೋ. ಮೂಲ ಫೈಲಿನಲ್ಲಿ ಹಿಸ್ ತೆಗೆಯಲು ಹೋಗಬೇಡ. ಇವತ್ತು ಹಿಸ್ ಅಂತ ತೆಗೆದದ್ದರ ಜೊತೆ ಅಜ್ಜಿಯ ಉಸಿರೂ ಹೋಗಿರುತ್ತದೆ. ಹೆಡ್ಡಿನ ಕೋನ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಬೇರೆ ಇರುತ್ತದೆ, ಸಣ್ಣ ಸ್ಕ್ರೂ ತಿರುಗಿಸಿ ದನಿ ಬಿಚ್ಚಿಕೊಳ್ಳುವವರೆಗೆ ಸರಿಮಾಡಬೇಕು. ಅಂಗಡಿಯವರು ಇದನ್ನು ಮಾಡುತ್ತಾರಾ ಎಂದು ಕೇಳು. ಮಾಡಲ್ಲ ಅಂದರೆ ಅಲ್ಲಿ ಕೊಡಬೇಡ.

ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ. ಒಂದು ಬೇರೆ ಊರಿನಲ್ಲಿ. ಡಿಜಿಟಲ್ ಆಯಿತು ಎಂದು ಕ್ಯಾಸೆಟ್ ಎಸೆಯಬೇಡ.

ಲೈಬ್ರರಿ ಅಕ್ಕ

ಇದಕ್ಕೆಲ್ಲ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಪ್ಪ. ಪ್ರತಿ ಕ್ಯಾಸೆಟ್‌ಗೆ ಒಂದು ನಂಬರು ಕೊಡು. ಯಾರ ದನಿ, ಯಾವ ಹಾಡು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ. ಮದುವೆಯೋ, ಬಾಣಂತನವೋ, ಭತ್ತ ನಾಟಿಯೋ. ಅಜ್ಜಿ ಇದ್ದರೆ ಅವರ ಪಕ್ಕ ಕೂತು ಕೇಳಿಸಿ ಬರೆದುಕೊ, ಇವತ್ತೇ. ಹಿನ್ನೆಲೆಯಲ್ಲಿ ಸೊಲ್ಲು ಹೇಳುವವರು ಯಾರು ಎಂದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಗುರುಗ್ರಾಮದಲ್ಲಿ ಜನಪದ ಮತ್ತು ಶಾಸ್ತ್ರೀಯ ಸಂಗೀತದ ಒಂದು ಆರ್ಕೈವ್ ಇದೆ, ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು 1982ರಲ್ಲಿ ಶುರು ಮಾಡಿದ್ದು. ಸಂಶೋಧಕರು, ಸಂಗ್ರಾಹಕರು ಕೊಟ್ಟ ಧ್ವನಿಮುದ್ರಣಗಳನ್ನು ವಿವರದ ಸಮೇತ ಇಡುತ್ತಾರೆ. ಅಂಥ ಕಡೆ ವಿಚಾರಿಸಬಹುದು. ಆದರೆ ವಿವರ ಇಲ್ಲದ ಪೆಟ್ಟಿಗೆಯಿಂದ ಯಾರಿಗೂ ಉಪಯೋಗವಿಲ್ಲ.

ಕುಂದಾಪ್ರದ ಕೇಳುಗ

ಅಕ್ಕಾ, ನಮ್ಮ ಊರಿನ ನಾಲ್ಕೈದು ಮನೆಗಳ ಯಕ್ಷಗಾನ ಕ್ಯಾಸೆಟ್‌ಗಳಿಗೂ ಇದೇ ಥರ ಪಟ್ಟಿ ಮಾಡಬಹುದಾ? ಮೇಳ, ಪ್ರಸಂಗ, ಭಾಗವತರು, ಮದ್ದಳೆ, ಚಂಡೆ, ಆಟ ಆದ ಜಾಗ. ಹಳಬರು ದನಿ ಕೇಳಿದರೆ ಮೇಳ ಯಾವುದು ಎಂದು ಹೇಳುತ್ತಾರೆ.

ಲೈಬ್ರರಿ ಅಕ್ಕ

ಖಂಡಿತ ಮಾಡಿ. ಕ್ಯಾಸೆಟ್ ಯಾರ ಮನೆಯಲ್ಲಿದೆ ಎನ್ನುವ ಒಂದು ಕಾಲಂ ಮಾತ್ರ ಮರೆಯದೇ ಹಾಕಿ. ಕ್ಯಾಸೆಟ್ ಅವರವರ ಮನೆಯಲ್ಲೇ ಇರಲಿ, ಪಟ್ಟಿ ಎಲ್ಲರ ಹತ್ತಿರವೂ ಇರಲಿ. ನಾನು ಇವತ್ತು ರಾತ್ರಿ ಒಂದು ಖಾಲಿ ಶೀಟ್ ಮಾಡಿ ಇಲ್ಲಿ ಹಾಕುತ್ತೇನೆ.

ಧ್ವನಿಸುರುಳಿ

ಹಾಕಿ ಅಕ್ಕಾ. ಅದನ್ನು ಈ ಚರ್ಚೆಯ ಮೇಲ್ಗಡೆಯೇ ಇಡುತ್ತೇನೆ. ಹುಬ್ಬಳ್ಳಿ, ಧಾರವಾಡದ ಕಡೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಮನೆಗಳಲ್ಲಿ ಸಂಗೀತ ಬೈಠಕ್‌ಗಳ ಸ್ಪೂಲ್ ಟೇಪುಗಳು ಇದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಟೇಪ್ ಕಳಿಸಬೇಡಿ. ಏನಿದೆ ಎಂದು ಮಾತ್ರ ಬರೆಯಿರಿ.